ಝಿಯಾರತ್ ಬಸ್ಸಿನಲ್ಲಿ ತಲೆ ಎಣಿಸಲಿ

ಉಮ್ರಾ ಪ್ಯಾಕೇಜಿನ ಕರಪತ್ರಗಳಲ್ಲಿ ‘ಮದೀನಾ ಝಿಯಾರತ್ ಉಚಿತ’ ಎಂದಿರುತ್ತದೆ. ಕಾಮರ್ಸ್ ಓದುವ ನನಗೆ ಈ ‘ಉಚಿತ’ದ ಮೇಲೆ ನಂಬಿಕೆಯಿಲ್ಲ. ಅದರ ದುಡ್ಡನ್ನೂ ಮೊದಲೇ ಕಟ್ಟಿರುತ್ತೇವೆ, ಹಾಗಾಗಿ ಕೇಳುವ ಹಕ್ಕೂ ಇದೆ.

ಕಳೆದ ವರ್ಷ ಕೊಟ್ಟೂರಿನಿಂದ ಹೋದ ನಮ್ಮ ದಾದಿಗೆ ಒಂದೇ ಬೆಳಿಗ್ಗೆ ಕುಬಾ, ಕಿಬ್ಲತೈನ್, ಉಹುದ್ ಮೂರನ್ನೂ ತೋರಿಸಿದರು. ಕ್ರಿ.ಶ. 625ರ ಯುದ್ಧದಲ್ಲಿ ಹುತಾತ್ಮರಾದ ಹಜರತ್ ಹಮ್ಜಾ (ರ) ಅವರ ಸಮಾಧಿಯಿರುವ ಉಹುದ್‌ನಲ್ಲಿ ಸಿಕ್ಕಿದ್ದು 20 ನಿಮಿಷ. ದುಆ ಮುಗಿಸಿ ತಿರುಗಿದರೆ ಬಸ್ಸೇ ಇಲ್ಲ! ಕೊರಳಿನ ಚೀಟಿಯಲ್ಲಿ ಹೋಟೆಲಿನ ಹೆಸರಿಲ್ಲ. ದಾದಿಯ ದಖನಿ ಪೊಲೀಸರಿಗೆ ತಿಳಿಯಲಿಲ್ಲ. ಕೊನೆಗೆ ಹೈದರಾಬಾದಿನ ಟ್ಯಾಕ್ಸಿಯವರೊಬ್ಬರು ಮುಟ್ಟಿಸಿದರು.

ತಲೆ ಎಣಿಸಲು ಖರ್ಚೇನಿದೆ? ನಮ್ಮ ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ದಿನವೂ ಎಣಿಸುತ್ತಾರೆ. ಅರಬಿಯಲ್ಲಿ ಹೋಟೆಲ್ ವಿಳಾಸ, ಫೋನ್ ನಂಬರ್ ಬರೆದ ಚೀಟಿ ತೋರಿಸದವರಿಗೆ ಅಡ್ವಾನ್ಸ್ ಕೊಡಬಾರದು. ದಾದಿ ಮತ್ತೆ ಹೋಗುವವರಿದ್ದಾರೆ. ಈ ಸಲ ಫಾರ್ಮ್ ತುಂಬುವವಳು ನಾನೇ.