ಜಪಾನೀಯರ ಏಕೀಕರಣವೂ ನಮ್ಮ ಏಕೀಕರಣವೂ

ಜಪಾನ್ ದೇಶದ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾವಂತರು ಆ ಜನರ ಯಂತ್ರಗಳನ್ನು ಹೊಗಳುವರು, ಅವರ ಕಾಲನಿಷ್ಠೆಯನ್ನು ಕೊಂಡಾಡುವರು, ನಮ್ಮವರ ಸೋಮಾರಿತನವನ್ನು ಹಳಿದು ಸುಮ್ಮನಾಗುವರು. ಆ ಏಳ್ಗೆಯ ಬೇರು ಎಲ್ಲಿದೆಯೆಂದು ವಿಚಾರಿಸುವವರು ವಿರಳ. ಕನ್ನಡಿಗರಾದ ನಾವಂತೂ ಅದನ್ನು ವಿಚಾರಿಸಲೇಬೇಕು. ಏಕೆಂದರೆ ಜಪಾನಿನ ಈಚಿನ ಇತಿಹಾಸವೆಂಬುದು ಹರಿದು ಹಂಚಿಹೋಗಿದ್ದ ಒಂದು ನಾಡು ಒಂದಾದ ಇತಿಹಾಸವೇ ಆಗಿದೆ.

1603ರಿಂದ 1868ರವರೆಗೆ ಆ ದೇಶವನ್ನಾಳಿದವರು ತೊಕುಗಾವ ಮನೆತನದ ಸೇನಾಧಿಪತಿಗಳು. ಚಕ್ರವರ್ತಿಯು ಕ್ಯೋಟೋ ನಗರದಲ್ಲಿ ಹೆಸರಿಗೆ ಮಾತ್ರ ಇದ್ದನು. ಅವರ ಕೈಕೆಳಗೆ ಸುಮಾರು 260 ಮಂದಿ ಪಾಳೆಯಗಾರರು. ಒಬ್ಬೊಬ್ಬನಿಗೂ ಬೇರೆ ಸೈನ್ಯ, ಬೇರೆ ತೆರಿಗೆ. ಹೆದ್ದಾರಿಗಳಲ್ಲಿ ಪ್ರಯಾಣಿಕರನ್ನು ತಡೆದು ಪರೀಕ್ಷಿಸುವ ಕಟ್ಟೆಗಳಿದ್ದವು. ದಕ್ಷಿಣದ ಸತ್ಸುಮಾ ಸೀಮೆಯವನ ಮಾತು ಈಶಾನ್ಯದವನಿಗೆ ತಿಳಿಯುವುದೇ ದುಸ್ತರವಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು, ಮುಂಬಯಿ, ಮದರಾಸು, ನಿಜಾಮನ ರಾಜ್ಯ, ಕೊಡಗು ಮತ್ತು ಸಂಡೂರು, ಜಮಖಂಡಿ, ಮುಧೋಳಗಳಂಥ ಚಿಕ್ಕ ಸಂಸ್ಥಾನಗಳ ನಡುವೆ ಚೂರುಚೂರಾಗಿದ್ದ ಕನ್ನಡನಾಡನ್ನು ಬಲ್ಲವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

1853ರಲ್ಲಿ ಅಮೆರಿಕದ ಪೆರಿಯು ನಾಲ್ಕು ಯುದ್ಧನೌಕೆಗಳೊಡನೆ ಎದೋ ಕೊಲ್ಲಿಯ ಬಾಯಿಗೆ ಬಂದು ನಿಂತಾಗ ಈ ಒಡಕಿನ ಬೆಲೆ ಏನೆಂಬುದು ಜಪಾನೀಯರಿಗೆ ಅರಿವಾಯಿತು. ಅಸಮಾನವಾದ ಕೌಲುಗಳಿಗೆ ಒಪ್ಪಬೇಕಾಯಿತು. ಆ ಅಪಮಾನವೇ ಅವರನ್ನು ಎಚ್ಚರಿಸಿತು. 1868ರಲ್ಲಿ ಸೇನಾಧಿಪತ್ಯವು ಅಳಿಯಿತು. 1871ರಲ್ಲಿ ಒಂದೇ ಆಜ್ಞೆಯಿಂದ ಪಾಳೆಯಪಟ್ಟುಗಳೆಲ್ಲ ರದ್ದಾಗಿ ಜಿಲ್ಲೆಗಳಾದವು. ಅಲ್ಲಿಗೆ ಭೂಪಟವು ಒಂದಾಯಿತು. ಆದರೆ ಭೂಪಟ ಒಂದಾದ ಮಾತ್ರಕ್ಕೆ ಜನ ಒಂದಾಗುವುದಿಲ್ಲವೆಂಬುದನ್ನು ಅವರ ಮುಖಂಡರು ಬಲ್ಲವರಾಗಿದ್ದರು. ಮರುವರ್ಷವೇ, ಎಂದರೆ 1872ರಲ್ಲಿ, ವಿದ್ಯಾಶಾಸನವನ್ನು ಹೊರಡಿಸಿ, ಊರೂರಿಗೂ ಪ್ರಾಥಮಿಕ ಶಾಲೆಯಾಗಬೇಕೆಂದೂ ಹೆಣ್ಣುಗಂಡೆನ್ನದೆ ಎಲ್ಲ ಮಕ್ಕಳೂ ಓದಬೇಕೆಂದೂ ಗೊತ್ತುಮಾಡಿದರು. ಶಾಲೆಯ ತೆರಿಗೆಯ ಭಾರಕ್ಕೆ ರೈತರು ದಂಗೆಯೆದ್ದು ಶಾಲೆಗಳನ್ನು ಸುಟ್ಟದ್ದೂ ಉಂಟು. ಆದರೂ ಕೆಲಸ ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನವು ಕಾಲಿಟ್ಟ ಕೆಲವೇ ವರ್ಷಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಕ್ಕಳ ಹೆಸರು ಶಾಲೆಯ ಪಟ್ಟಿಗೆ ಸೇರಿತ್ತು.

ಈ ಶಾಲೆಗಳಲ್ಲಿ ಯಾವ ಭಾಷೆ ಇರಬೇಕೆಂಬ ಪ್ರಶ್ನೆಯೂ ಆಗ ಎದ್ದಿತ್ತು. ವಾಷಿಂಗ್ಟನ್ನಿನಲ್ಲಿ ಜಪಾನಿನ ಪ್ರತಿನಿಧಿಯಾಗಿದ್ದ ಮೋರಿ ಅರಿನೋರಿಯು ತನ್ನ ದೇಶಭಾಷೆಯು ಹೊಸ ವಿದ್ಯೆಗೆ ಸಾಲದೆಂದೂ, ಇಂಗ್ಲಿಷನ್ನೇ ಶಿಕ್ಷಣದ ಭಾಷೆಯನ್ನಾಗಿ ಮಾಡಿಕೊಳ್ಳುವುದು ಮೇಲೆಂದೂ ಸೂಚಿಸಿದನು. ಅದಕ್ಕೆ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಬಾಬಾ ತಾತ್ಸುಯಿ ಎಂಬ ತರುಣನು 1873ರಲ್ಲಿ ಜಪಾನೀ ಭಾಷೆಯ ವ್ಯಾಕರಣವೊಂದನ್ನೇ ಬರೆದು ಉತ್ತರಕೊಟ್ಟನು. ದುಡಿದು ತಿನ್ನುವ ಬಡವನಿಗೆ ಪರಭಾಷೆಯನ್ನು ಕಲಿಯಲು ಬಿಡುವೆಲ್ಲಿ? ರಾಜ್ಯದ ವ್ಯವಹಾರವೆಲ್ಲ ಆ ಭಾಷೆಯಲ್ಲಿ ನಡೆದರೆ ಸಾಮಾನ್ಯ ಜನರು ಹೊರಗುಳಿಯುವರು, ದೇಶವು ಎರಡು ಜಾತಿಯಾಗುವುದು: ಇದು ಅವನ ವಾದದ ತಿರುಳು. ಬಾಬಾನ ಪಕ್ಷವೇ ಗೆದ್ದಿತು. 1885ರಲ್ಲಿ ಮೋರಿಯೇ ವಿದ್ಯಾಮಂತ್ರಿಯಾದಾಗಲೂ ಶಾಲೆಗಳು ಜಪಾನೀ ಭಾಷೆಯಲ್ಲೇ ನಡೆದವು.

ಇದರಿಂದ ಜಪಾನೀಯರು ಹೊರಗಿನ ವಿದ್ಯೆಗೆ ಬಾಗಿಲು ಹಾಕಿದರೆಂದು ಯಾರೂ ತಿಳಿಯಬಾರದು. ದೇಶದ ಬಾಗಿಲು ಮುಚ್ಚಿದ್ದ ಕಾಲದಲ್ಲಿಯೇ, 1774ರಲ್ಲಿ, ಸುಗಿತ ಗೆನ್‌ಪಾಕು ಮೊದಲಾದ ವೈದ್ಯರು ಡಚ್ ಭಾಷೆಯ ಅಂಗರಚನಾಶಾಸ್ತ್ರವನ್ನು ಪದಪದವಾಗಿ ತಡಕಾಡಿ ಭಾಷಾಂತರಿಸಿದ್ದರು. ಮಾತಿಲ್ಲದೆಡೆಯಲ್ಲಿ ಹೊಸ ಮಾತನ್ನು ಹುಟ್ಟಿಸಿದರು. ಮುಂದೆ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಮೊದಮೊದಲು ಪರದೇಶದ ಪಂಡಿತರೇ ಪಾಠ ಹೇಳುತ್ತಿದ್ದರು. ಅವರಿಂದ ಕಲಿತವರೂ ಯೂರೋಪಿಗೆ ಹೋಗಿಬಂದವರೂ ಕ್ರಮೇಣ ಆ ಪೀಠಗಳನ್ನೇರಿ ತಮ್ಮ ಭಾಷೆಯಲ್ಲಿ ಬೋಧಿಸಿದರು. ಕಲಿಯುವುದಕ್ಕೆ ನೂರು ಭಾಷೆ, ಕಲಿಸುವುದಕ್ಕೆ ತಾಯ್ನುಡಿ: ಇದೇ ಅವರ ನೀತಿ.

ಈ ದೇಶವನ್ನು ಕಣ್ಣಾರೆ ಕಂಡುಬಂದ ಕನ್ನಡನಾಡಿನ ಮಹನೀಯರಲ್ಲಿ ಅಗ್ರಗಣ್ಯರು ಸರ್ ಎಂ. ವಿಶ್ವೇಶ್ವರಯ್ಯನವರು. 1898ರಲ್ಲಿ ಅವರು ಜಪಾನಿಗೆ ಹೋಗಿ ಶಾಲೆಗಳನ್ನೂ ಕೈಗಾರಿಕೆಗಳನ್ನೂ ನೋಡಿದರು. 1912ರಿಂದ 1918ರವರೆಗೆ ಅವರು ದಿವಾನರಾಗಿದ್ದಾಗ ಮೈಸೂರಿನಲ್ಲಿ 1913ರ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆ, 1915ರ ಕನ್ನಡ ಸಾಹಿತ್ಯ ಪರಿಷತ್ತು, 1916ರ ವಿಶ್ವವಿದ್ಯಾನಿಲಯ ಇವು ಒಂದರ ಹಿಂದೊಂದು ಬಂದವು. ನಮ್ಮ ಆಯನೂರಿನವರು ಶಿವಮೊಗ್ಗೆಯನ್ನು ದಾಟಿದರೆ ಸಿಕ್ಕುವ ಭದ್ರಾವತಿಯಲ್ಲಿ 1923ರಲ್ಲಿ ಮಲೆನಾಡಿನ ಸೌದೆಯ ಇದ್ದಲಿನಿಂದ, ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣ ಕರಗಿತು. ಜಪಾನಿನ ಯವಾತದಲ್ಲಿ ಸರಕಾರಿ ಉಕ್ಕಿನ ಕುಲುಮೆ ಹೊತ್ತಿದ್ದು 1901ರಲ್ಲಿ. ನಾವು ಹಿಂದೆಬಿದ್ದದ್ದು ಕೇವಲ 22 ವರ್ಷ! ಆದರೆ ಅಲ್ಲಿ ಕುಲುಮೆಯ ವಿದ್ಯೆಯು ಜನರ ಮಾತಿಗಿಳಿಯಿತು. ಇಲ್ಲಿ ಕುಲುಮೆ ಬಂದಿತು, ವಿದ್ಯೆಯು ಇಂಗ್ಲಿಷಿನಲ್ಲೇ ಉಳಿಯಿತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿಕೊಟ್ಟರು. ಅದು ಬಹುಕಾಲ ಬಾಳಲಿಲ್ಲ. ಕೊರತೆಯಿದ್ದದ್ದು ಭಾಷೆಯಲ್ಲಲ್ಲ, ಆಶ್ರಯದಲ್ಲಿ.

ಜಪಾನಿನ ಕಥೆಗೆ ಇನ್ನೊಂದು ಮುಖವಿದೆ. ಅದನ್ನು ಮರೆಮಾಚಿ ಬರೆಯುವುದು ಪತ್ರಿಕಾಧರ್ಮವಲ್ಲ. ತಮ್ಮ ಭಾಷೆಯ ಅಭಿಮಾನವು ಅನ್ಯಭಾಷೆಯ ದ್ವೇಷವಾಗಿ ತಿರುಗಿದಾಗ ಆ ಜನರೇ ಅನ್ಯಾಯಕ್ಕಿಳಿದರು. 1879ರಲ್ಲಿ ವಶಪಡಿಸಿಕೊಂಡ ರ್ಯೂಕ್ಯೂ ದ್ವೀಪಗಳ ಶಾಲೆಗಳಲ್ಲಿ ಮನೆಮಾತನ್ನಾಡಿದ ಮಗುವಿನ ಕೊರಳಿಗೆ ಹಲಗೆಯ ಚೂರನ್ನು ಕಟ್ಟಿ ಅವಮಾನಪಡಿಸಿದರು. 1910ರಲ್ಲಿ ಕೊರಿಯಾವನ್ನು ನುಂಗಿ, ಕೊನೆಗೆ ಅಲ್ಲಿಯ ಶಾಲೆಗಳಿಂದ ಕೊರಿಯಾ ಭಾಷೆಯನ್ನೇ ಹೊರದೂಡಿದರು. 1916ರಲ್ಲಿ ರವೀಂದ್ರನಾಥ ಠಾಕೂರರು ಜಪಾನಿಗೇ ಹೋಗಿ ಈ ಮದದ ವಿಷಯವಾಗಿ ಎಚ್ಚರಿಸಿದರು, ಕೇಳಿದವರು ಕಡಿಮೆ. 1937ರಿಂದ ಚೀನದ ಮೇಲೆ ನಡೆಸಿದ ಘೋರ ಯುದ್ಧವೂ, 1945ರ ಸರ್ವನಾಶವೂ ಲೋಕಕ್ಕೆ ತಿಳಿದಿವೆ.

ಇನ್ನು ನಮ್ಮ ಮನೆಯ ಲೆಕ್ಕವನ್ನು ನೋಡೋಣ. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂದಿತು. ಕಾಸರಗೋಡು ಹೊರಗುಳಿಯಿತು, ಚಂದ್ರಗಿರಿಯ ಉತ್ತರಭಾಗವು ನಮಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿದ ಮಾತು ಕಾಗದದಲ್ಲೇ ಉಳಿಯಿತು. ಈ ಕೊರತೆಯನ್ನು ನಾವು ಮರೆಯತಕ್ಕದ್ದಲ್ಲ. ಆದರೆ ಗಡಿಯೊಳಗೇ ಕನ್ನಡ ಶಾಲೆಯು ಬರಿದಾಗುತ್ತಿರುವಾಗ ಗಡಿಯಾಚೆಯ ಕನ್ನಡದ ಮಗುವಿಗೆ ನಾವು ಯಾವ ಮುಖದಿಂದ ಧೈರ್ಯಹೇಳೋಣ? ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ನಡೆಯಬೇಕೆಂದು ಸರಕಾರವು 1994ರಲ್ಲಿ ಮಾಡಿದ ಆಜ್ಞೆಯನ್ನು ಆಧರಿಸಿ ನಡೆದ ದೀರ್ಘ ವ್ಯಾಜ್ಯದಲ್ಲಿ, ಶಿಕ್ಷಣದ ಭಾಷೆಯನ್ನು ಸರಕಾರವು ಬಲವಂತವಾಗಿ ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. ಕಾನೂನಿನ ಬಾಗಿಲು ಅಲ್ಲಿಗೆ ಮುಚ್ಚಿತು. ಜನರ ಮನಸ್ಸಿನ ಬಾಗಿಲು ಮುಚ್ಚಿಲ್ಲ. ಕನ್ನಡ ಶಾಲೆಯು ಒಳ್ಳೆಯ ಶಾಲೆಯಾದರೆ ತಂದೆತಾಯಿಗಳು ತಾವಾಗಿಯೇ ಬರುವರು. ಕೆಟ್ಟ ಶಾಲೆಗೆ ಭಾಷೆಯ ಹೆಸರಿನಲ್ಲಿ ಮಕ್ಕಳನ್ನು ಕಳುಹಿಸಿರೆಂದು ಕೇಳುವ ಹಕ್ಕು ಯಾರಿಗೂ ಇಲ್ಲ.

ಬಾಬಾ ತಾತ್ಸುಯಿ ಹೆದರಿದ್ದ ಎರಡು ಜಾತಿಗಳನ್ನು ನೋಡಬೇಕಾದರೆ ಯಾವ ಹೋಬಳಿಯ ಊರಿಗಾದರೂ ಹೋಗಬಹುದು. ವಕೀಲನು ಇಂಗ್ಲಿಷಿನಲ್ಲಿ ಬರೆದ ಕಾಗದಕ್ಕೆ ಅದರಲ್ಲೇನಿದೆಯೆಂದು ತಿಳಿಯದೆ ರುಜುಹಾಕುವ ರೈತನು ಒಂದು ಕಡೆ. ಆ ಕಾಗದವನ್ನು ಓದಬಲ್ಲ ನಾಲ್ಕು ಜನರು ಇನ್ನೊಂದು ಕಡೆ. ಈ ಗೋಡೆ ಇರುವವರೆಗೆ ಏಕೀಕರಣವು ಅರ್ಧವೇ ಸರಿ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿಜ್ಞಾಪನೆಯಿದು. ಗಣಿತವನ್ನೂ ವಿಜ್ಞಾನವನ್ನೂ ಮಗುವಿಗೆ ತಿಳಿಯುವ ಕನ್ನಡದಲ್ಲಿ ಹೇಳಿರಿ. ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಿರಿ. ಲಂಬಾಣಿ, ಉರ್ದು, ತುಳು, ಕೊಂಕಣಿಯಾಡುವ ಮಗುವಿನ ಮನೆಮಾತನ್ನು ಎಂದಿಗೂ ಹೀಯಾಳಿಸದಿರಿ. ಪಟ್ಟಣದ ವಿದ್ಯಾವಂತರು ತಾವು ಬಲ್ಲ ವಿದ್ಯೆಯನ್ನು ವರ್ಷಕ್ಕೊಂದು ಸಣ್ಣ ಪುಸ್ತಕವಾಗಿಯಾದರೂ ಕನ್ನಡಕ್ಕೆ ತರಲಿ. ವಕೀಲರು ಕಕ್ಷಿಗಾರನ ಕಾಗದವನ್ನು ಅವನ ಭಾಷೆಯಲ್ಲಿ ಬರೆಯಲಿ. ಜಪಾನಿನಿಂದ ತರಬೇಕಾದದ್ದು ಆ ಶಾಲೆಯ ಹಟ. ಬಿಟ್ಟುಬರಬೇಕಾದದ್ದು ಆ ಕೊರಳಿನ ಹಲಗೆ. ಇಷ್ಟನ್ನು ಮಾಡಿದ ದಿನ ನಮ್ಮ ನಾಡು ಭೂಪಟದಲ್ಲಿ ಮಾತ್ರವಲ್ಲ, ಜನರಲ್ಲಿಯೂ ಒಂದಾಗುವುದು.