ಪರದೆಯ ಮೇಲಿನ ಹಣ ಯಾರದು?

ಕಳೆದ ತಿಂಗಳ ಒಂದು ಸಂಜೆ. ಮಗ್ರಿಬ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದಾಗ ಪರಿಚಿತ ಕುಟುಂಬವೊಂದರ ಯುವಕನೋರ್ವ ಬಳಿಗೆ ಬಂದು, ಸ್ವಲ್ಪ ಮಾತನಾಡಲಿಕ್ಕಿದೆ ಎಂದ. ಅಂಗಳದ ಮೂಲೆಗೆ ಹೋಗಿ ಮೊಬೈಲ್ ತೆರೆದು ತೋರಿಸಿದ. ಕ್ರಿಕೆಟ್ ಬೆಟ್ಟಿಂಗ್ ಆ್ಯಪ್ ಒಂದರ ಖಾತೆಯಲ್ಲಿ ಅವನ ಹೆಸರಿನಲ್ಲಿ 1,86,000 ರೂಪಾಯಿ ಕಾಣುತ್ತಿತ್ತು. ಅವನು ಹಾಕಿದ್ದು 36,000. ಉಳಿದ ಒಂದೂವರೆ ಲಕ್ಷ ಗೆದ್ದದ್ದು. ಆ ಹಣವನ್ನು ತನ್ನ ಬ್ಯಾಂಕ್ ಖಾತೆಗೆ ತರಲು ಆತ ಮೂರು ವಾರಗಳಿಂದ ಹೆಣಗಾಡುತ್ತಿದ್ದ. ಮೊದಲು ಆಧಾರ್ ಮತ್ತು ಪಾನ್ ಕಾರ್ಡ್‌ಗಳ ಚಿತ್ರ ಕೇಳಿದರು, ಕಳುಹಿಸಿದ. ಅನಂತರ ಪಾಸ್‌ಬುಕ್ಕಿನ ಚಿತ್ರ ಕೇಳಿದರು, ಅದನ್ನೂ ಕಳುಹಿಸಿದ. ಬಳಿಕ, ಗೆದ್ದ ಹಣದ ಮೇಲಿನ ಶೇ. 30 ತೆರಿಗೆಯನ್ನು ಮುಂಗಡವಾಗಿ ಪಾವತಿಸಬೇಕೆಂದರು. ತಾಯಿಗೆ ತಿಳಿಯದಂತೆ ಅವರ ಎರಡು ಬಳೆಗಳನ್ನು ಅಡವಿಟ್ಟು 45,000 ರೂಪಾಯಿ ಕಳುಹಿಸಿದ. ಈಗ 'ನಿಮ್ಮ ಖಾತೆ ಪರಿಶೀಲನೆಯಲ್ಲಿದೆ' ಎಂಬ ಒಂದು ಸಾಲು ಮಾತ್ರ ಉಳಿದಿದೆ. ಟೆಲಿಗ್ರಾಮಿನಲ್ಲಿ ಅವನನ್ನು ಪ್ರತಿದಿನ 'ಬ್ರದರ್' ಎಂದು ಕರೆಯುತ್ತಿದ್ದ ಏಜೆಂಟ್ ಉತ್ತರಿಸುವುದನ್ನೇ ನಿಲ್ಲಿಸಿದ್ದಾನೆ.

ಪರಿಚಯದ ವಕೀಲರೋ ಪೊಲೀಸ್ ಅಧಿಕಾರಿಯೋ ಇದ್ದಾರೆಯೇ ಎಂಬುದು ಅವನ ಪ್ರಶ್ನೆ. ಹೊರಡುವಾಗ, "ಹಣ ಬರಲೆಂದು ದುಆ ಮಾಡಿ" ಎಂದೂ ಹೇಳಿದ.

ಆ ಕೊನೆಯ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಜೂಜಾಡಿದೆನೆಂಬ ಅಳುಕು ಆ ಯುವಕನಲ್ಲಿರಲಿಲ್ಲ. ಜೂಜಿನ ಅಡ್ಡೆ ಪ್ರಾಮಾಣಿಕವಾಗಿರಲಿಲ್ಲವೆಂಬ ದೂರು ಮಾತ್ರ ಇತ್ತು. ಐದು ಹೊತ್ತು ಮಸೀದಿಗೆ ಬರುವ ಒಬ್ಬ ಯುವಕ ಜೂಜಿನ ಗೆಲುವಿಗಾಗಿ ಅಲ್ಲಾಹನಲ್ಲಿ ಪ್ರಾರ್ಥಿಸುವಂತೆ ಇನ್ನೊಬ್ಬನನ್ನು ಕೇಳಿಕೊಳ್ಳುವಷ್ಟು ಈ ಪಿಡುಗು ನಮ್ಮೊಳಗೆ ಸಹಜವಾಗಿಬಿಟ್ಟಿದೆಯೇ? ಆ ಹಣ ಮೂರು ವಾರಗಳ ಹಿಂದೆಯೇ ಅವನ ಕೈಸೇರಿದ್ದರೆ ಆತ ಯಾರ ಬಳಿಗೂ ಬರುತ್ತಿರಲಿಲ್ಲ. ಮನೆಗೆ ಹೊಸ ಫ್ರಿಜ್ ಬರುತ್ತಿತ್ತು, ತಂಗಿಗೆ ಬಟ್ಟೆ ಬರುತ್ತಿತ್ತು, ಹಣ ಎಲ್ಲಿಂದ ಬಂತೆಂದು ಪ್ರಾಯಶಃ ಯಾರೂ ವಿಚಾರಿಸುತ್ತಿರಲಿಲ್ಲ.

ಮೊದಲಿಗೆ, ಈ ಹಣ ಯಾಕೆ ಬರುವುದಿಲ್ಲವೆಂಬುದನ್ನು ಅರ್ಥಮಾಡಿಕೊಳ್ಳೋಣ. ಇದು ತಾಂತ್ರಿಕ ತೊಂದರೆಯೆಂದು ಅನೇಕರು ಭಾವಿಸಿದ್ದಾರೆ. ಅಲ್ಲ, ಈ ವ್ಯಾಪಾರದ ರಚನೆಯೇ ಹಾಗಿದೆ. ಹೊಸಬನು 500 ರೂಪಾಯಿ ಹಾಕಿ 800 ಗೆದ್ದರೆ ಆ ಹಣ ಹತ್ತು ನಿಮಿಷದಲ್ಲಿ ಅವನ ಖಾತೆಗೆ ಬಂದುಬಿಡುತ್ತದೆ. ಗಾಳಕ್ಕೆ ಸಿಕ್ಕಿಸಿದ ಎರೆಹುಳ ಅದು. ಆ ವೇಗವನ್ನು ಕಂಡವನು ಮುಂದಿನ ಸಲ 5,000 ಹಾಕುತ್ತಾನೆ, ಗೆಳೆಯರಿಗೂ ಹೇಳುತ್ತಾನೆ. ಬಾಗಿಲು ಮುಚ್ಚಿಕೊಳ್ಳುವುದು ಮೊತ್ತ ದೊಡ್ಡದಾದ ಬಳಿಕ.

ಎರಡನೆಯದು ಬೋನಸ್. 10,000 ರೂಪಾಯಿ ಹಾಕಿದವನಿಗೆ ಇನ್ನೂ 10,000 ಉಚಿತವೆನ್ನುತ್ತಾರೆ. ಆದರೆ ಬೋನಸ್ ಮೊತ್ತದ 30 ಪಟ್ಟು ಪಣ ಕಟ್ಟಿದ ಬಳಿಕವೇ ಹಣ ಹಿಂಪಡೆಯಬಹುದೆಂಬಂತಹ ಷರತ್ತು ಯಾರೂ ಓದದ ಸಣ್ಣ ಅಕ್ಷರಗಳಲ್ಲಿರುತ್ತದೆ. ಅಂದರೆ ಮೂರು ಲಕ್ಷ ರೂಪಾಯಿಯ ಪಣ. ಅಮೆರಿಕನ್ ಮಾದರಿಯ ರೂಲೆಟ್ ಆಟದ ಚಕ್ರದಲ್ಲಿ 38 ಮನೆಗಳಿದ್ದು, ಹಣ ಕೊಡುವಾಗ 36 ಮನೆಗಳಿದ್ದಂತೆ ಲೆಕ್ಕ ಹಾಕುತ್ತಾರೆ. ಹಾಗಾಗಿ ಪ್ರತಿ ನೂರು ರೂಪಾಯಿಯ ಪಣದಲ್ಲಿ ಸರಾಸರಿ ಐದೂಕಾಲು ರೂಪಾಯಿ ಅಡ್ಡೆಯವನ ಪಾಲು. ಮೂರು ಲಕ್ಷಕ್ಕೆ ಅದು ಸುಮಾರು 15,800 ರೂಪಾಯಿ. ಹತ್ತು ಸಾವಿರದ ಉಚಿತ ಕೊಡುಗೆಯನ್ನು ಪಡೆಯಲು ಹದಿನಾರು ಸಾವಿರದಷ್ಟು ಕಳಕೊಳ್ಳಬೇಕು. ಇಲ್ಲಿ ಮೋಸವೂ ಬೇಕಿಲ್ಲ, ಸಾಮಾನ್ಯ ಗಣಿತವೇ ಸಾಕು.

ಮೂರನೆಯದು ಕಾಯಿಸುವ ತಂತ್ರ. ಹಣ ಕೇಳಿದ ಬಳಿಕ ಅದನ್ನು ಎರಡು ಮೂರು ದಿನ ತಡೆಹಿಡಿಯುತ್ತಾರೆ. ಜೊತೆಗೆ, ಬೇಡಿಕೆಯನ್ನು ರದ್ದುಪಡಿಸಿ ಪುನಃ ಆಡುವ ಅವಕಾಶವನ್ನೂ ಕಣ್ಣೆದುರೇ ಇಡುತ್ತಾರೆ. ರಾತ್ರಿ ಎರಡು ಗಂಟೆಗೆ ನಿದ್ದೆಯಿಲ್ಲದೆ ಹೊರಳಾಡುವ ಯುವಕನ ಬೆರಳು ಎಲ್ಲಿಗೆ ಹೋಗುತ್ತದೆಂದು ಅವರಿಗೆ ತಿಳಿದಿದೆ. ಜೂಜಿಗೆ ಕಾನೂನಿನ ಮಾನ್ಯತೆಯಿರುವ ಬ್ರಿಟನ್ ಕೂಡ ಈ ಕುತಂತ್ರವನ್ನು ಸಹಿಸಲಾಗದೆ 2021ರಲ್ಲಿ ಅಲ್ಲಿನ ಜೂಜು ಆಯೋಗದ ಮೂಲಕ ನಿಷೇಧಿಸಿತು.

ನಾಲ್ಕನೆಯದು ಶುದ್ಧ ವಂಚನೆ. ನಮ್ಮ ದೇಶದಲ್ಲಿ 2023ರ ಎಪ್ರಿಲ್‌ನಿಂದ ಆನ್‌ಲೈನ್ ಆಟಗಳ ನಿವ್ವಳ ಗೆಲುವಿನ ಮೇಲೆ ಶೇ. 30 ತೆರಿಗೆಯ ನಿಯಮ ಬಂತು. ಅದನ್ನು ಹಣ ಕೊಡುವ ಕಂಪೆನಿಯೇ ಮೊತ್ತದಿಂದ ಕಡಿತಗೊಳಿಸಿ ಸರಕಾರಕ್ಕೆ ಕಟ್ಟಬೇಕು. ಗೆದ್ದವನು ತನ್ನ ಕಿಸೆಯಿಂದ ಮುಂಗಡವಾಗಿ ಯಾರದೋ ಖಾಸಗಿ ಖಾತೆಗೆ ತೆರಿಗೆ ಕಳುಹಿಸುವ ಪದ್ಧತಿ ಯಾವ ಕಾಯ್ದೆಯಲ್ಲೂ ಇಲ್ಲ. ಆ ಯುವಕ ಕಳುಹಿಸಿದ 45,000 ಹೋದದ್ದು ಸರಕಾರಕ್ಕಲ್ಲ. ಅದು ಹೋದದ್ದು ಬಡ ಯುವಕರಿಂದ ಬಾಡಿಗೆಗೆ ಪಡೆದು ದಿನಕ್ಕೊಂದರಂತೆ ಬದಲಾಯಿಸುವ ಬ್ಯಾಂಕ್ ಖಾತೆಗಳಲ್ಲೊಂದಕ್ಕೆ. ಅಲ್ಪ ಹಣದಾಸೆಗೆ ಎಟಿಎಂ ಕಾರ್ಡನ್ನೂ ಸಿಮ್ ಕಾರ್ಡನ್ನೂ ಪರರ ಕೈಗೊಪ್ಪಿಸುವ ಯುವಕರು ನೆನಪಿಡಲಿ: ತನಿಖೆ ಆರಂಭವಾದಾಗ ಪೊಲೀಸರು ಮೊದಲು ತಟ್ಟುವುದು ಖಾತೆದಾರನ ಮನೆಯ ಬಾಗಿಲನ್ನು.

ಇನ್ನು ನ್ಯಾಯಾಲಯದ ವಿಷಯ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಪಣದ ಕರಾರು ಅನೂರ್ಜಿತ, ಪಣದಲ್ಲಿ ಗೆದ್ದದ್ದನ್ನು ವಸೂಲಿ ಮಾಡಿಕೊಡೆಂದು ದಾವೆ ಹೂಡುವಂತಿಲ್ಲ. ಒಂದೂವರೆ ಶತಮಾನ ಹಳೆಯ ಆ ಕಾಯ್ದೆ ಈ ವಿಷಯದಲ್ಲಿ ಇಸ್ಲಾಮೀ ಶರೀಅತ್ತಿನ ನಿಲುವಿನ ಪಕ್ಕದಲ್ಲೇ ನಿಂತಿದೆ. ಆ ಒಂದೂವರೆ ಲಕ್ಷ ಕಾನೂನಿನ ದೃಷ್ಟಿಯಲ್ಲಿ ಅವನದ್ದಲ್ಲ, ಧರ್ಮದ ದೃಷ್ಟಿಯಲ್ಲಂತೂ ಅಲ್ಲವೇ ಅಲ್ಲ.

ಹಾಗಾದರೆ ಅದು ಯಾರದು? ಜೂಜಿನ ಅಡ್ಡೆಯಲ್ಲಿ ಹಣ ಹುಟ್ಟುವುದಿಲ್ಲ. ಅಲ್ಲಿ ಬಿತ್ತುವವನಿಲ್ಲ, ನೇಯುವವನಿಲ್ಲ, ಹೊರೆ ಹೊರುವವನಿಲ್ಲ. ಒಬ್ಬನ ಕಿಸೆಯಿಂದ ಹೋದದ್ದು ಇನ್ನೊಬ್ಬನ ಪರದೆಯ ಮೇಲೆ ಕಾಣುತ್ತದೆ, ನಡುವೆ ಅಡ್ಡೆಯವನ ಪಾಲು ಕಳೆಯುತ್ತದೆ. ಅವನು ಗೆದ್ದದ್ದೆಂದು ಹೇಳುವ ಹಣದಲ್ಲಿ ಬೇರಾವುದೋ ಊರಿನ ಬೇರಾವುದೋ ತಾಯಿಯ ಬಳೆಗಳಿವೆ. ಅದಕ್ಕಾಗಿ ದುಆ ಮಾಡುವುದೆಂದರೆ ಆ ತಾಯಿಯ ಕಣ್ಣೀರು ನಮಗೆ ದಕ್ಕಲೆಂದು ಬೇಡಿದಂತೆ. ಆದ್ದರಿಂದ ಹಣ ಕೊಡದ ಆ್ಯಪ್‌ಗಿಂತ ಹಣ ಕೊಡುವ ಆ್ಯಪ್ ಹೆಚ್ಚು ಅಪಾಯಕಾರಿ. ಮೊದಲನೆಯದು ಸಂಪತ್ತನ್ನು ಮಾತ್ರ ದೋಚುತ್ತದೆ. ಎರಡನೆಯದು ನಿಷಿದ್ಧ ಸಂಪಾದನೆಯನ್ನು ಮನೆಯ ಅಡುಗೆಕೋಣೆಯ ವರೆಗೆ ತಲುಪಿಸುತ್ತದೆ.

ಪವಿತ್ರ ಕುರ್‌ಆನ್ ಜೂಜನ್ನು 'ಮೈಸಿರ್' ಎಂದು ಕರೆದಿದೆ. ಶ್ರಮವಿಲ್ಲದೆ ಸುಲಭವಾಗಿ ಸಿಗುವುದು ಎಂಬ ಅರ್ಥ ಆ ಪದದ ಬೇರಿನಲ್ಲಿದೆ. ಅಜ್ಞಾನ ಕಾಲದ ಅರಬರು ಬಾಣಗಳನ್ನೆತ್ತಿ ಒಂಟೆಯ ಮಾಂಸದ ಪಾಲಿಗಾಗಿ ಜೂಜಾಡುತ್ತಿದ್ದರು, ಗೆದ್ದ ಮಾಂಸವನ್ನು ಬಡವರಿಗೆ ಹಂಚಿ ಹೆಮ್ಮೆಪಡುತ್ತಿದ್ದರು. ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಕೆಲವು ಪ್ರಯೋಜನಗಳಿದ್ದರೂ ಅವುಗಳ ಪಾಪವು ಪ್ರಯೋಜನಕ್ಕಿಂತ ದೊಡ್ಡದೆಂದು ಅಲ್ ಬಕರ ಅಧ್ಯಾಯದ 219ನೇ ಸೂಕ್ತ ತಿಳಿಸುತ್ತದೆ. ಬಡವರಿಗೆ ಉಣಿಸಿದ ಜೂಜಿಗೂ ರಿಯಾಯಿತಿ ದೊರೆಯಲಿಲ್ಲ. ಅಲ್ ಮಾಇದ ಅಧ್ಯಾಯದ 90 ಮತ್ತು 91ನೇ ಸೂಕ್ತಗಳಂತೂ ಅದನ್ನು ಶೈತಾನನ ಹೊಲಸು ಕೃತ್ಯಗಳ ಸಾಲಿನಲ್ಲಿರಿಸಿ, ಅದು ಪರಸ್ಪರರಲ್ಲಿ ಹಗೆಯನ್ನು ಬಿತ್ತುತ್ತದೆಂದೂ ಅಲ್ಲಾಹನ ಸ್ಮರಣೆ ಹಾಗೂ ನಮಾಝ್‌ನಿಂದ ತಡೆಯುತ್ತದೆಂದೂ ಕಾರಣ ಸಹಿತ ವಿವರಿಸುತ್ತವೆ.

ಬಾ, ಜೂಜಾಡೋಣ ಎಂದು ಗೆಳೆಯನನ್ನು ಕರೆದವನು ಅದಕ್ಕೆ ಪ್ರಾಯಶ್ಚಿತ್ತವಾಗಿ ದಾನ ಮಾಡಲಿ ಎಂದು ಪ್ರವಾದಿ(ಸ)ರು ಕಲಿಸಿದ್ದನ್ನು ಅಬೂಹುರೈರ(ರ) ವರದಿ ಮಾಡಿದ್ದಾರೆ, ಬುಖಾರಿಯಲ್ಲಿ ಅದು ದಾಖಲಾಗಿದೆ. ಆಡಿದ್ದಕ್ಕಲ್ಲ, ಬರೇ ಕರೆದದ್ದಕ್ಕೆ! ಇಂದು ಗೆಳೆಯನೊಬ್ಬನನ್ನು ಸೇರಿಸಿದರೆ ಆ್ಯಪ್ ಬಹುಮಾನ ಕೊಡುತ್ತದೆ. ಯಾವ ಕರೆಗೆ ಪ್ರಾಯಶ್ಚಿತ್ತ ವಿಧಿಸಲಾಯಿತೋ ಅದೇ ಕರೆಗೆ ನಮ್ಮ ಮಕ್ಕಳು ಕಮಿಷನ್ ಪಡೆಯುತ್ತಿದ್ದಾರೆ. ಕಾಲ ಎಷ್ಟು ತಲೆಕೆಳಗಾಗಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಸರಕಾರಗಳೂ ಈ ಪಾಪದ ಪಾಲುದಾರರೇ. ಕರ್ನಾಟಕವು 2007ರಲ್ಲಿ ಲಾಟರಿಯನ್ನು ನಿಷೇಧಿಸಿದಾಗ ಅದೆಷ್ಟೋ ಬಡ ಕುಟುಂಬಗಳು ನಿಟ್ಟುಸಿರು ಬಿಟ್ಟಿದ್ದವು. ಬೀದಿಯ ಅಂಗಡಿಯಿಂದ ಓಡಿಸಿದ ಆ ಜೂಜು ಮೊಬೈಲಿನ ಮೂಲಕ ಮಲಗುವ ಕೋಣೆಗೇ ಬಂತು. ಆನ್‌ಲೈನ್ ಹಣದಾಟಗಳ ವಿರುದ್ಧ 2021ರಲ್ಲಿ ರಾಜ್ಯ ತಂದ ತಿದ್ದುಪಡಿ ಕಾಯ್ದೆಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಕೇಂದ್ರವು 2023ರ ಅಕ್ಟೋಬರ್‌ನಿಂದ ಪಣದ ಪೂರ್ಣ ಮೊತ್ತಕ್ಕೆ ಶೇ. 28 ಜಿಎಸ್‌ಟಿ ವಿಧಿಸಿತು. ಅಂದರೆ ಕೆಡುಕನ್ನು ತಡೆಯುವ ಬದಲು ಅದರಲ್ಲಿ ಪಾಲು ಕೇಳಿತು. 2023ರಿಂದ 2025ರ ಆಗಸ್ಟ್‌ವರೆಗೆ ಭಾರತ ಕ್ರಿಕೆಟ್ ತಂಡದ ಆಟಗಾರರ ಎದೆಯ ಮೇಲೆ ಹಣದಾಟದ ಕಂಪೆನಿಯ ಹೆಸರೇ ಮೆರೆಯುತ್ತಿತ್ತು. ಅದನ್ನು ನೋಡುತ್ತ ಬೆಳೆದ ಬಾಲಕನಿಗೆ ಜೂಜು ಕೆಟ್ಟದ್ದೆಂದು ಹೇಳುವ ಬಾಯಿ ಯಾರಿಗಿತ್ತು?

ಕೊನೆಗೂ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. 22ರಂದು ರಾಷ್ಟ್ರಪತಿಯವರ ಅಂಕಿತವೂ ಬಿತ್ತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನು ಅದು ಮಾನ್ಯ ಮಾಡಲಿಲ್ಲ. ಆಡಿಸುವವನಿಗೆ ಮೂರು ವರ್ಷಗಳ ವರೆಗೆ ಸೆರೆ ಮತ್ತು ಒಂದು ಕೋಟಿಯ ವರೆಗೆ ದಂಡ, ಜಾಹೀರಾತು ನೀಡುವವನಿಗೆ ಎರಡು ವರ್ಷಗಳ ವರೆಗೆ ಸೆರೆ ಮತ್ತು 50 ಲಕ್ಷದ ವರೆಗೆ ದಂಡವನ್ನು ಅದು ವಿಧಿಸುತ್ತದೆ. ವರ್ಷಕ್ಕೆ 45 ಕೋಟಿ ಜನರು ಸುಮಾರು 20,000 ಕೋಟಿ ರೂಪಾಯಿ ಕಳಕೊಳ್ಳುತ್ತಿದ್ದಾರೆಂಬ ಅಂದಾಜನ್ನು ಆಗ ಸರಕಾರವೇ ಮುಂದಿಟ್ಟಿತು. ಇಷ್ಟು ತಿಳಿದಿದ್ದೂ ಅಷ್ಟು ವರ್ಷ ತೆರಿಗೆ ಎಣಿಸುತ್ತ ಕುಳಿತದ್ದೇಕೆ? ದೇಶದ ದೊಡ್ಡ ಕಂಪೆನಿಗಳು ಹಣದಾಟವನ್ನು ನಿಲ್ಲಿಸಿದವು ನಿಜ. ಆದರೆ ಎಲ್ಲೋ ಕೆರಿಬಿಯನ್ ದ್ವೀಪದ ಪರವಾನಿಗೆ ತೋರಿಸುವ, ಒಂದು ವಿಳಾಸ ಮುಚ್ಚಿದರೆ ಇನ್ನೊಂದು ತೆರೆಯುವ ಅಡ್ಡೆಗಳು ಟೆಲಿಗ್ರಾಮಿನ ಏಜೆಂಟರ ಮೂಲಕ ಇನ್ನೂ ಬೇಟೆಯಾಡುತ್ತಿವೆ. ಕಾನೂನಿನ ಕೈ ಅಲ್ಲಿಗೆ ಸುಲಭವಾಗಿ ತಲುಪುವುದಿಲ್ಲ. ತಲುಪಬೇಕಾದದ್ದು ಮನೆಯವರ ಮತ್ತು ಸಮುದಾಯದ ಕೈ.

ಆದರೆ ಸಮುದಾಯ ಏನು ಮಾಡುತ್ತಿದೆ? ಮದ್ಯದ ವಿರುದ್ಧ, ಬಡ್ಡಿಯ ವಿರುದ್ಧ, ವರದಕ್ಷಿಣೆಯ ವಿರುದ್ಧ ನಮ್ಮ ಮಿಂಬರ್‌ಗಳಿಂದ ಖುತ್ಬಾಗಳು ಮೊಳಗುತ್ತವೆ. ಅಂಗೈಯಲ್ಲಿರುವ ಜೂಜುಕಟ್ಟೆಯ ಬಗ್ಗೆ ಎಷ್ಟು ಮಸೀದಿಗಳಲ್ಲಿ ಒಂದು ಜುಮಾವನ್ನು ಮೀಸಲಿಡಲಾಗಿದೆ? ಕುಡಿದು ಬಂದ ಮಗನನ್ನು ಬಾಗಿಲಲ್ಲೇ ತಡೆಯುವ ತಂದೆ, ಪಕ್ಕದ ಕೋಣೆಯಲ್ಲಿ ಮಗ ರಾತ್ರಿಯಿಡೀ ಜೂಜಾಡುವುದನ್ನು ಕ್ರಿಕೆಟ್ ನೋಡುತ್ತಿದ್ದಾನೆಂದು ಭಾವಿಸಿ ನಿದ್ದೆ ಹೋಗುತ್ತಾನೆ. ಕುಡಿತಕ್ಕೆ ವಾಸನೆಯಿದೆ, ಇದಕ್ಕೆ ವಾಸನೆಯಿಲ್ಲ. ಬಳೆಯ ಪೆಟ್ಟಿಗೆ ತೆರೆದಾಗಲೇ ವಿಷಯ ಗೊತ್ತಾಗುವುದು.

ಸಿಲುಕಿಕೊಂಡವರಿಗೆ ಹೇಳಬೇಕಾದ ಮಾತುಗಳಿವೆ. ಹಣ ಬಿಡಿಸಿಕೊಳ್ಳಲು ಇನ್ನಷ್ಟು ಹಣ ಕಳುಹಿಸಬೇಡಿ, ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ಹಣ ಕಳುಹಿಸಿದ ದಾಖಲೆಗಳನ್ನು ಉಳಿಸಿಕೊಂಡು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಮತ್ತು ನಿಮ್ಮ ಬ್ಯಾಂಕಿಗೆ ದೂರು ನೀಡಿ. 2025ರ ಕಾಯ್ದೆ ಆಟಗಾರನಿಗೆ ಶಿಕ್ಷೆ ವಿಧಿಸುವುದಿಲ್ಲ, ಆದ್ದರಿಂದ ಭಯಪಟ್ಟು ಮುಚ್ಚಿಡಬೇಡಿ. ವಂಚಿಸಿ ಪಡೆದ ನಿಮ್ಮ ಸ್ವಂತ ದುಡಿಮೆಯ ಮೊತ್ತವನ್ನು ಮರಳಿ ಕೇಳುವುದರಲ್ಲಿ ತಪ್ಪಿಲ್ಲ. ಗೆಲುವಿನ ಮೊತ್ತವನ್ನು ಮನಸ್ಸಿನಿಂದಲೇ ಅಳಿಸಿಬಿಡಿ. ಒಂದು ವೇಳೆ ಅದು ಕೈಸೇರಿದರೂ ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟು ಕೈತೊಳೆದುಕೊಳ್ಳಬೇಕೆಂಬುದು ವಿದ್ವಾಂಸರ ಮಾತು.

ಹೆತ್ತವರಿಗೂ ಒಂದು ವಿನಂತಿ. ವಿಷಯ ತಿಳಿದ ದಿನ ಮಗನನ್ನು ಬೀದಿಗೆ ತಳ್ಳಬೇಡಿ. ಸಾಲ ಮತ್ತು ಅವಮಾನ ಒಟ್ಟಿಗೆ ಮುತ್ತಿದಾಗ ಯುವಕರು ಪ್ರಾಣವನ್ನೇ ಕಳಕೊಂಡ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ. ತೌಬಾದ ಬಾಗಿಲನ್ನು ಅಲ್ಲಾಹನು ಮುಚ್ಚಿಲ್ಲದಿರುವಾಗ ಮನೆಯ ಬಾಗಿಲನ್ನು ಮುಚ್ಚಲು ನಾವು ಯಾರು? ಬಡ್ಡಿರಹಿತ ಸಾಲನಿಧಿಗಳಿರುವ ಜಮಾಅತ್‌ಗಳು ಇಂತಹ ಕುಟುಂಬಗಳ ಅಡವಿನ ಒಡವೆ ಬಿಡಿಸಲು ಮುಂದಾಗಲಿ, ಬದಲಿಗೆ ಆ ಯುವಕನಿಂದ ದುಡಿಮೆಯ ಕಂತನ್ನು ಕಟ್ಟಿಸಿಕೊಳ್ಳಲಿ.

ಆ ಸಂಜೆ ನಾನು ಆ ಯುವಕನಿಗೆ ಹೇಳಿದ್ದಿಷ್ಟೆ: "ದುಆ ಮಾಡುತ್ತೇನೆ, ಆದರೆ ಆ ಒಂದೂವರೆ ಲಕ್ಷ ಬರಲೆಂದಲ್ಲ. ಅದು ಬರಬೇಕೆಂಬ ಆಸೆ ನಿನ್ನಿಂದ ಹೋಗಲೆಂದು." ಅವನು ತಲೆ ತಗ್ಗಿಸಿದ, ಉತ್ತರಿಸಲಿಲ್ಲ. ತಂದೆಯನ್ನು ಕರೆದುಕೊಂಡು ನಾಳೆ ಬಾ ಎಂದಿದ್ದೆ. ಮರುದಿನ ಬರಲಿಲ್ಲ. ಹತ್ತು ದಿನಗಳ ಬಳಿಕ ತಂದೆಯೂ ಮಗನೂ ಒಟ್ಟಿಗೆ ಬಂದರು. ಬಳೆಗಳು ಇನ್ನೂ ಅಡವಿನಲ್ಲೇ ಇವೆ. ಆದರೆ ಅವು ಎಲ್ಲಿವೆಯೆಂದು ಈಗ ತಾಯಿಗೂ ತಿಳಿದಿದೆ. ಇಂದು ರಾತ್ರಿ ನಮ್ಮ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆಯನ್ನು ಮೆಲ್ಲನೆ, ಪ್ರೀತಿಯಿಂದ ಕೇಳೋಣ. ಉತ್ತರ ಕಹಿಯಾಗಿರಬಹುದು. ಬಳೆಯ ಪೆಟ್ಟಿಗೆ ಖಾಲಿಯಾದ ಬಳಿಕ ಸಿಗುವ ಉತ್ತರ ಅದಕ್ಕಿಂತಲೂ ಕಹಿ.