ಉದ್ರಿ ಪುಸ್ತಕ ಮುಚ್ಚಿದರೆ ಪೇಟೆಯೂ ಮುಚ್ಚುತ್ತದೆ

ಹಾವೇರಿಯ ಒಂದು ಸಗಟು ಅಂಗಡಿಯ ಆರ್ಡರ್ ಪುಸ್ತಕ ಹಿಡಿದು ನಾನು ಊರೂರು ತಿರುಗಲು ಹತ್ತಿ ಮೂವತ್ತೆರಡು ವರ್ಷವಾಯಿತು. ಸೋಮವಾರ ಹಾನಗಲ್, ಮಂಗಳವಾರ ಶಿಗ್ಗಾವಿ, ಬುಧವಾರ ಸವಣೂರು, ಗುರುವಾರ ಹಿರೇಕೆರೂರು. ನಮ್ಮ ಮಂದಿ ಇದಕ್ಕೆ ‘ಲೈನ್’ ಅನ್ನುತ್ತಾರೆ. ದಾರ, ಗುಂಡಿ, ಬಳೆ, ರಿಬ್ಬನ್, ಬಾಚಣಿಕೆ, ನೋಟ್‌ಬುಕ್ಕು, ಪೆನ್ನು, ಹೀಗೆ ಕಟ್ಲರಿ ಅಂಗಡಿಯಲ್ಲಿ ಸಿಗುವುದೆಲ್ಲ ನನ್ನ ಚೀಲದಲ್ಲಿ ಒಂದೊಂದು ನಮೂನೆ ಇರುತ್ತದೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಆರ್ಡರ್ ಬರೆದುಕೊಳ್ಳುವುದು, ಹಳೆಯ ಬಾಕಿ ವಸೂಲಿ ಮಾಡುವುದು, ಸಂಜೆ ತಿರುಗಿ ಬರುವುದು. ಈ ನಾಲ್ಕು ಊರುಗಳ ಪೇಟೆ ಹೇಗೆ ಬದಲಾಗಿದೆ ಎಂಬುದನ್ನು ನಾನು ವರದಿ ಓದಿ ತಿಳಿದವನಲ್ಲ, ಅಂಗಡಿಯ ಕಟ್ಟೆಯ ಮೇಲೆ ಕುಳಿತು ನೋಡಿದವನು.

ಕಳೆದ ಡಿಸೆಂಬರಿನ ಒಂದು ಗುರುವಾರ ಹಿರೇಕೆರೂರಿನಲ್ಲಿ ನನ್ನ ಹಳೆಯ ಗಿರಾಕಿಯೊಬ್ಬರ ಅಂಗಡಿಗೆ ಹೋದೆ. ಬಾಕಿ ಕೇಳಿದೆ. ಅವರು ಮಾತಾಡದೆ ಉದ್ರಿ ಪುಸ್ತಕ ತೆಗೆದು ನನ್ನ ಮುಂದಿಟ್ಟರು. ಊರಿಗಿಷ್ಟು ಪುಟ: ಅಬಲೂರು, ಕೋಡ, ಹಂಸಭಾವಿ, ಚಿಕ್ಕೇರೂರು. ಶಾಲೆ ಶುರುವಾದಾಗ ಒಯ್ದ ನೋಟ್‌ಬುಕ್ಕು, ಪಂಚಮಿಗೆ ಒಯ್ದ ಬಳೆ, ಮಗಳ ಸೀಮಂತಕ್ಕೆ ಒಯ್ದ ಸಾಮಾನು. ಎಲ್ಲದರ ಮುಂದೆಯೂ ಒಂದೇ ಮಾತು ಬರೆದಿತ್ತು: ‘ಸುಗ್ಗಿಗೆ’. ಸುಗ್ಗಿ ಬಂದು ಹೋಗಿತ್ತು, ರೊಕ್ಕ ಬಂದಿರಲಿಲ್ಲ. “ಮಂದಿ ಕಡೆ ಬಂದಿಲ್ಲ, ನಿಮಗ ಎಲ್ಲಿಂದ ತಂದು ಕೊಡ್ಲಿ?” ಅಂದರು.

ಕಾರಣ ಅವರ ಅಂಗಡಿಯಲ್ಲಿರಲಿಲ್ಲ, ಗೋವಿನಜೋಳದ ದರದಲ್ಲಿತ್ತು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೋವಿನಜೋಳಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಫಸಲು ಮಾರುಕಟ್ಟೆಗೆ ಬಂದ ನವೆಂಬರಿನಲ್ಲಿ ರೈತರಿಗೆ ಎರಡು ಸಾವಿರವೂ ದಕ್ಕಲಿಲ್ಲ. ಹಾವೇರಿ ಜಿಲ್ಲೆಯ ರೈತರು ಖರೀದಿ ಕೇಂದ್ರಕ್ಕಾಗಿ ಬೀದಿಗಿಳಿದದ್ದು ಎಲ್ಲರಿಗೂ ಗೊತ್ತು. ಗೊತ್ತಾಗದೆ ಹೋದದ್ದು ಅದರ ಮುಂದಿನ ಕಥೆ. ರೈತ ಅಂಗಡಿಯವನಿಗೆ ಕೊಡಲಿಲ್ಲ, ಅಂಗಡಿಯವನು ಸಗಟಿನವನಿಗೆ ಕೊಡಲಿಲ್ಲ, ಸಗಟಿನವನು ಹೊಸ ಮಾಲು ತರಿಸಲಿಲ್ಲ. ಎಪಿಎಂಸಿಯಲ್ಲಿ ದರ ಬಿದ್ದ ವಾರದೊಳಗೆ ಕಟ್ಲರಿ ಅಂಗಡಿಯ ಕಪಾಟು ಖಾಲಿ ಕಾಣುತ್ತದೆ. ನಮ್ಮ ಊರುಗಳ ಪೇಟೆ ಹೊಲಕ್ಕೆ ಇಷ್ಟು ಹತ್ತಿರ ಇದೆ.

ಪೇಟೆಯ ಅಭಿವೃದ್ಧಿ ಎಂದಕೂಡಲೇ ನಮ್ಮವರಿಗೆ ನೆನಪಾಗುವುದು ಅಗಲವಾದ ರಸ್ತೆ, ಎರಡಂತಸ್ತಿನ ಮಳಿಗೆ, ಹೈಮಾಸ್ಟ್ ದೀಪ. ಅವೂ ಬೇಕು. ಆದರೆ ಈ ನಾಲ್ಕು ಊರುಗಳ ಪೇಟೆ ನಿಂತಿರುವುದು ಸಿಮೆಂಟಿನ ಮೇಲಲ್ಲ, ಉದ್ರಿಯ ಮೇಲೆ. ಅಂಗಡಿ ಎಂದರೆ ಇಲ್ಲಿ ಸಾಮಾನು ಮಾರುವ ಜಾಗ ಮಾತ್ರವಲ್ಲ, ಆರು ತಿಂಗಳಿಗೊಮ್ಮೆ ಮಾತ್ರ ರೊಕ್ಕ ಕಾಣುವ ಮನೆಗಳಿಗೆ ಉಳಿದ ದಿನಗಳನ್ನು ದಾಟಿಸುವ ದೋಣಿ. ಸಹಿ ಇಲ್ಲ, ಜಾಮೀನು ಇಲ್ಲ, ಮನೆ ಬಾಗಿಲಿಗೆ ವಸೂಲಿಗೆ ಬಂದು ಮರ್ಯಾದೆ ಕಳೆಯುವವರಿಲ್ಲ. ಉದ್ರಿಯಲ್ಲಿ ಒಯ್ದರೆ ದರ ತುಸು ಹೆಚ್ಚು ಹಾಕುವವರಿದ್ದಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಬೀಜ, ಗೊಬ್ಬರ ಉದ್ರಿ ಕೊಟ್ಟು ಫಸಲನ್ನು ತನಗೇ ಹಾಕಬೇಕೆಂದು ರೈತನನ್ನು ಕಟ್ಟಿಹಾಕುವವರೂ ಇದ್ದಾರೆ, ಅದು ತಪ್ಪೇ. ಆದರೆ ಬಳೆ, ಬಟ್ಟೆ, ಕಿರಾಣಿಯ ಸಣ್ಣ ಅಂಗಡಿಯವನು ಹಾಗಲ್ಲ. ಗಿರಾಕಿಯ ಹೊಲದಲ್ಲಿ ಮಳೆಯಾಯಿತೇ ಎಂದು ಅವನು ತನ್ನ ಹೊಲದ ಮಳೆಯಂತೆಯೇ ವಿಚಾರಿಸುತ್ತಾನೆ.

ಆ ಅಂಗಡಿಗಳು ಈಗ ಒಂದೊಂದಾಗಿ ಕಡಿಮೆಯಾಗುತ್ತಿವೆ. ನಾನು ಲೈನ್ ಶುರು ಮಾಡಿದಾಗ ಹಾನಗಲ್ಲಿನಲ್ಲಿ ನನ್ನ ಪುಸ್ತಕದಲ್ಲಿ ಹತ್ತೊಂಬತ್ತು ಅಂಗಡಿಗಳಿದ್ದವು. ಇಂದು ಎಂಟು ಉಳಿದಿವೆ. ಮುಚ್ಚಿದವುಗಳಲ್ಲಿ ಕೆಲವು ಮೊಬೈಲ್ ಅಂಗಡಿಯಾದವು, ಕೆಲವು ರೆಡಿಮೇಡ್ ಬಟ್ಟೆಯ ಅಂಗಡಿಯಾದವು, ಎರಡಕ್ಕೆ ಶಟರ್ ಬಿದ್ದು ವರ್ಷಗಳಾದವು. ದರ್ಜಿಗಳು ಸಾಲಾಗಿ ಕೂಡುತ್ತಿದ್ದ ಓಣಿಯಲ್ಲಿ ಇಬ್ಬರು ಮಾತ್ರ ಹೊಲಿಗೆಯಂತ್ರ ತುಳಿಯುತ್ತಿದ್ದಾರೆ. ದಾರ ಮತ್ತು ಗುಂಡಿಯ ಆರ್ಡರ್ ಅವರಿಬ್ಬರಿಂದಲೇ ಬರಬೇಕು.

ನಮ್ಮ ನಾಲ್ಕು ಊರುಗಳಿಗೂ ಒಂದು ಹಳೆಯ ಕೊರತೆ ಇದೆ. ಹುಬ್ಬಳ್ಳಿಯಿಂದ ಹರಿಹರದ ಕಡೆ ಹೋಗುವ ರೈಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರನ್ನು ಮುಟ್ಟಿಕೊಂಡು ಹೋಯಿತು. ಆ ಊರುಗಳ ಪೇಟೆ ಬೆಳೆದವು; ಬ್ಯಾಡಗಿಯ ಮೆಣಸಿನಕಾಯಿ ದೇಶವೆಲ್ಲ ಸುತ್ತಿ 2011ರಲ್ಲಿ ಭೌಗೋಳಿಕ ಗುರುತನ್ನೂ ಪಡೆಯಿತು. ಹಾನಗಲ್ಲಿಗೆ, ಶಿಗ್ಗಾವಿಗೆ, ಹಿರೇಕೆರೂರಿಗೆ ರೈಲು ಬರಲಿಲ್ಲ. ಸವಣೂರಿನವರು ರೈಲು ಹತ್ತಲು ಯಲವಿಗಿಗೆ ಹೋಗಬೇಕು. ಇವು ಸಣ್ಣ ಊರುಗಳೇನಲ್ಲ. ಹಾನಗಲ್ ಒಂದು ಕಾಲದ ಪಾನುಂಗಲ್ಲು, ಕದಂಬರ ಒಂದು ಶಾಖೆಯ ರಾಜಧಾನಿ. ಸವಣೂರು 1948ರವರೆಗೂ ನವಾಬರ ಸಂಸ್ಥಾನ. 1997ರಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ಕಚೇರಿ ಕೆಲಸಕ್ಕೆ ಧಾರವಾಡಕ್ಕೆ ಹೋಗುವುದು ತಪ್ಪಿತು, ಒಳ್ಳೆಯದಾಯಿತು. ಆದರೆ ಕಚೇರಿಗೆ ಹಾವೇರಿಗೆ ಹೋದವರು ಅಲ್ಲೇ ಬಟ್ಟೆಯನ್ನೂ ಕೊಂಡು ಬರತೊಡಗಿದರು. ಶಿಗ್ಗಾವಿಯ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಅದು ಗಿರಾಕಿಯನ್ನು ಊರಿಗೆ ತಂದದ್ದಕ್ಕಿಂತ ಹುಬ್ಬಳ್ಳಿಗೆ ಒಯ್ದದ್ದೇ ಹೆಚ್ಚು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ನಮ್ಮ ಅಂಗಡಿಕಾರರಲ್ಲಿ ಎರಡು ಮಾತು ಹುಟ್ಟಿದವು. ಹೆಣ್ಣುಮಕ್ಕಳೆಲ್ಲ ಬಿಟ್ಟಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗುತ್ತಾರೆ ಎಂದು ಕೆಲವರು ಬೇಸರಪಟ್ಟರು. ನಾನು ಕಂಡದ್ದು ಬೇರೆ. ಆಡೂರು, ತಿಳವಳ್ಳಿ, ಬೊಮ್ಮನಹಳ್ಳಿಯ ಕಡೆಯಿಂದ ತಿಂಗಳಿಗೊಮ್ಮೆ ಹಾನಗಲ್ಲಿಗೆ ಬರುತ್ತಿದ್ದ ಹೆಂಗಸರು ಈಗ ವಾರಕ್ಕೊಮ್ಮೆ ಬರುತ್ತಾರೆ. ಗಂಡನ ಕೈಯಲ್ಲಿ ಚೀಟಿ ಕೊಟ್ಟು ಕಳಿಸುತ್ತಿದ್ದವರು ತಾವೇ ಬಂದು ಬಳೆಯ ಬಣ್ಣ ನೋಡಿ ಆರಿಸುತ್ತಾರೆ. ಸರ್ಕಾರ ಗಿರಾಕಿಯನ್ನು ಪೇಟೆಯ ಬಾಗಿಲಿಗೆ ತಂದು ಇಳಿಸಿದೆ. ಇಳಿದ ಹೆಣ್ಣುಮಗಳಿಗೆ ಒಂದು ಸ್ವಚ್ಛ ಶೌಚಾಲಯ, ಕೂಸಿಗೆ ಹಾಲು ಕುಡಿಸಲು ಒಂದು ನೆರಳು, ಕುಡಿಯಲು ನೀರು ಪೇಟೆಯ ನಡುವೆ ಎಲ್ಲಿದೆ? ಇದ್ದರೆ ಅವಳು ಮೂರು ಅಂಗಡಿ ಹತ್ತುತ್ತಾಳೆ. ಇಲ್ಲದಿದ್ದರೆ ಒಂದೇ ಅಂಗಡಿಯಲ್ಲಿ ಮುಗಿಸಿ ಮುಂದಿನ ಬಸ್ಸಿಗೆ ಓಡುತ್ತಾಳೆ. ಅವಳು ಹತ್ತದೆ ಹೋದ ಆ ಎರಡು ಅಂಗಡಿಗಳ ನಷ್ಟವನ್ನು ಯಾವ ಲೆಕ್ಕದಲ್ಲೂ ಬರೆಯುವುದಿಲ್ಲ.

2025ರ ಜುಲೈಯಲ್ಲಿ ಇನ್ನೊಂದು ಪೆಟ್ಟು ಬಿತ್ತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದದ್ದು 29 ಲಕ್ಷ ರೂಪಾಯಿಯ ನೋಟಿಸು. ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ಅವನ ಖಾತೆಗೆ ಬಂದಿತ್ತಂತೆ. ಬಂದ ಹಣವೆಲ್ಲ ಲಾಭವಲ್ಲ, ಮರುದಿನ ನಸುಕಿನಲ್ಲಿ ಅದೇ ಹಣ ರೈತನಿಗೆ ಹೋಗುತ್ತದೆ ಎಂಬುದು ತರಕಾರಿ ಕೊಳ್ಳುವ ಯಾರಿಗಾದರೂ ಗೊತ್ತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ವ್ಯಾಪಾರಿಗಳು ಪ್ರತಿಭಟಿಸಿದ ಮೇಲೆ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಕೊಳ್ಳಬೇಕು ಎಂದು ಸರ್ಕಾರ ಹೇಳಿತು. ಅಷ್ಟರಲ್ಲಿ ಸ್ಕ್ಯಾನರ್ ಒಳಗಿಟ್ಟು ‘ನಗದು ಮಾತ್ರ’ ಎಂದು ಬೋರ್ಡು ಹಾಕಿದವರನ್ನು ನಾನು ನನ್ನ ಲೈನಿನಲ್ಲೇ ಕಂಡೆ. ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು. ಆದರೆ ಸಣ್ಣ ವ್ಯಾಪಾರಿಯ ಬ್ಯಾಂಕ್ ಖಾತೆಯನ್ನು ಹುಡುಕಿ ತೆಗೆಯಬಲ್ಲ ಸರ್ಕಾರಕ್ಕೆ ಅವನು ಕೂಡುವ ಜಾಗವನ್ನು ಹುಡುಕಿ ಕೊಡುವ ಶಕ್ತಿಯೂ ಇದೆ.

ಜಾಗದ ಮಾತು ಬಂತು. ಈ ನಾಲ್ಕರಲ್ಲಿ ಒಂದು ಊರಿನಲ್ಲಿ ಬೇವಿನ ಮರದ ಕೆಳಗೆ ಇಪ್ಪತ್ತು ವರ್ಷ ಬಳೆ ಮಾರಿದ ಒಬ್ಬ ತಾಯಿ ಇದ್ದರು. ನನ್ನ ಕಡೆಯಿಂದ ತಿಂಗಳಿಗೆ ಎರಡು ಸಲ ಡಜನ್ ಲೆಕ್ಕದಲ್ಲಿ ಬಳೆ ಒಯ್ಯುತ್ತಿದ್ದರು, ಒಂದು ಸಲವೂ ಬಾಕಿ ತಪ್ಪಿಸಿದವರಲ್ಲ. ಆ ಜಾಗದಲ್ಲಿ ವಾಣಿಜ್ಯ ಮಳಿಗೆ ಎದ್ದಿತು. ಹರಾಜಿನಲ್ಲಿ ಕೇಳಿದ ಠೇವಣಿ ಆ ತಾಯಿಯ ಹತ್ತು ವರ್ಷದ ಗಳಿಕೆಗಿಂತ ಹೆಚ್ಚು. ಮಳಿಗೆ ಹಿಡಿದವರು ತಾವು ವ್ಯಾಪಾರ ಮಾಡದೆ ಇನ್ನೊಬ್ಬರಿಗೆ ಹೆಚ್ಚಿನ ಬಾಡಿಗೆಗೆ ಕೊಟ್ಟರು. ತಾಯಿ ಕೆಲವು ದಿನ ಚರಂಡಿಯ ಬದಿಯಲ್ಲಿ ಕೂತರು, ಆಮೇಲೆ ಬುಟ್ಟಿ ಹೊತ್ತು ಹಳ್ಳಿಗೆ ಹೊರಟರು. ಈಗ ಆ ಮಳಿಗೆಯಲ್ಲಿ ಅರ್ಧ ಶಟರ್‌ಗಳು ಮುಚ್ಚಿಯೇ ಇರುತ್ತವೆ. ಕಟ್ಟಡ ಬಂದು ಪೇಟೆ ಹೋದ ಕಥೆ ಇದು.

ಹೀಗಾಗಬಾರದೆಂದೇ 2014ರಲ್ಲಿ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂತು. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಕಾಯ್ದೆ ಚೆನ್ನಾಗಿದೆ. ಅದು ಬೇವಿನ ಮರದ ಕೆಳಗಿನವರೆಗೆ ಬರಬೇಕು.

ಅಂಗಡಿಯ ಉದ್ರಿ ನಿಂತರೆ ಹಳ್ಳಿಯ ಮನೆಯ ಅಗತ್ಯ ನಿಲ್ಲುವುದಿಲ್ಲ. ಆ ಜಾಗಕ್ಕೆ ವಾರದ ಕಂತಿನ ಸಾಲ ಬರುತ್ತದೆ. ಕಿರುಸಾಲ ಸಂಸ್ಥೆಗಳ ವಸೂಲಿಯ ಕಾಟಕ್ಕೆ ರಾಜ್ಯದಲ್ಲಿ ಏನೇನಾಯಿತು, 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸುವ ಪರಿಸ್ಥಿತಿ ಯಾಕೆ ಬಂತು ಎಂಬುದನ್ನು ಮರೆಯುವಂತಿಲ್ಲ. ಸುಗ್ಗಿಗೆ ಕಾಯುವ ಸಾಲ ಬೇರೆ, ಸೋಮವಾರಕ್ಕೆ ಕಾಯುವ ಸಾಲ ಬೇರೆ. ಗೋವಿನಜೋಳ ವಾರಕ್ಕೊಮ್ಮೆ ತೆನೆ ಬಿಡುವುದಿಲ್ಲ.

ಆನ್‌ಲೈನ್ ವ್ಯಾಪಾರದ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮಗಳೂ ತರಿಸುತ್ತಾಳೆ. ಆದರೆ ನಮ್ಮ ಪೇಟೆಗೆ ಮಾತ್ರ ಗೊತ್ತಿರುವ ವ್ಯಾಪಾರಗಳಿವೆ. ದೀಪಾವಳಿಗೆ ಮೊದಲಿನ ಎರಡು ವಾರ ಹಾನಗಲ್, ಶಿಗ್ಗಾವಿ, ಹಿರೇಕೆರೂರಿನಲ್ಲಿ ಹೋರಿ ಹಬ್ಬದ ಸಾಮಾನಿಗೆ ಹುಡುಗರು ಮುಗಿಬೀಳುತ್ತಾರೆ. ರಿಬ್ಬನ್, ಬಲೂನು, ಗೆಜ್ಜೆ, ಜೂಲಾ, ಕೊಬ್ಬರಿ. ಹೋರಿಯ ಕೋಡಿಗೆ ಯಾವ ಅಗಲದ ರಿಬ್ಬನ್ ನಿಲ್ಲುತ್ತದೆ, ಕೊಬ್ಬರಿ ಸರಕ್ಕೆ ಯಾವ ದಾರ ತಡೆಯುತ್ತದೆ ಎಂದು ಹೇಳುವವನು ನಮ್ಮ ಅಂಗಡಿಯವನೇ. ಕೊಡುವುದೂ ಉದ್ರಿ. ಸವಣೂರಿನ ಎಲೆ, ಸವಣೂರಿನ ಖಾರ ಹೆಸರಿನಿಂದಲೇ ಮಾರಾಟವಾಗುವ ಮಾಲು. ಹಾನಗಲ್ಲಿನ ಆಪೂಸು ಮಾವಿಗೆ ದೂರದ ಗಿರಾಕಿಗಳಿದ್ದಾರೆ. ತಾರಕೇಶ್ವರ ಗುಡಿಯ ಕಲ್ಲಿನ ಕಮಲದ ಚಾವಣಿ ನೋಡಲು ಬಂದವರು, ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಕನಕದಾಸರ ನೆಲ ನೋಡಲು ಬಂದವರು ಪೇಟೆಯೊಳಗೆ ಕಾಲಿಡದೆ ಹೊರಟುಹೋಗುತ್ತಾರೆ. ಅವರನ್ನು ಅರ್ಧ ತಾಸು ನಿಲ್ಲಿಸಿಕೊಳ್ಳುವ ಒಂದು ಒಳ್ಳೆಯ ಬಜಾರು ನಮ್ಮಲ್ಲಿರಬೇಕಿತ್ತು.

ಹಾನಗಲ್, ಶಿಗ್ಗಾವಿ, ಸವಣೂರಿನ ಪುರಸಭೆಗಳನ್ನೂ ಹಿರೇಕೆರೂರಿನ ಪಟ್ಟಣ ಪಂಚಾಯಿತಿಯನ್ನೂ ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಮಳಿಗೆ ಕಟ್ಟುವ ಮುಂಚೆ ಆ ಜಾಗದಲ್ಲಿ ಈಗ ಕೂತವರ ಪಟ್ಟಿ ಮಾಡಿ, ನೆಲಮಹಡಿಯಲ್ಲಿ ಸಣ್ಣ ಕಟ್ಟೆಗಳನ್ನು ಅವರಿಗೇ ದಿನಬಾಡಿಗೆಗೆ ಕೊಡಿ. ಹಿಡಿದ ಮಳಿಗೆಯನ್ನು ಮರುಬಾಡಿಗೆಗೆ ಕೊಟ್ಟವರಿಂದ ವಾಪಸು ಪಡೆಯಿರಿ. ಪೇಟೆಯ ನಡುವೆ ಹೆಂಗಸರ ಶೌಚಾಲಯ ಕಟ್ಟಿ, ಕಟ್ಟಿದ್ದಕ್ಕೆ ಬೀಗ ಹಾಕಬೇಡಿ.

ಸಹಕಾರ ಬ್ಯಾಂಕುಗಳಿಗೆ ಒಂದು ಮಾತು. ರೈತರಿಗೆ 5 ಲಕ್ಷ ರೂಪಾಯಿವರೆಗೆ ಬಡ್ಡಿಯಿಲ್ಲದ ಅಲ್ಪಾವಧಿ ಬೆಳೆಸಾಲ ಸಿಗುವ ರಾಜ್ಯ ನಮ್ಮದು, ಅದು ಹೆಮ್ಮೆಯ ಮಾತು. ಅದೇ ಸುಗ್ಗಿಗೆ ಕಾಯುವ ಅಂಗಡಿಯವನಿಗೂ ಸುಗ್ಗಿಯಲ್ಲಿ ತೀರಿಸುವಂಥ, ಕಡಿಮೆ ಬಡ್ಡಿಯ ಒಂದು ಸಣ್ಣ ಸಾಲ ಬೇಕು. ಅವನ ಉದ್ರಿ ಪುಸ್ತಕವನ್ನು ದಾಖಲೆ ಎಂದು ಒಪ್ಪಿಕೊಳ್ಳಿ. ಆ ಪುಸ್ತಕ ಹೇಳುವಷ್ಟು ನಿಖರವಾಗಿ ಯಾವ ಹಳ್ಳಿಯ ಯಾವ ಮನೆ ಮಾತಿಗೆ ತಪ್ಪುವುದಿಲ್ಲ ಎಂಬುದನ್ನು ಬೇರಾವ ಕಾಗದವೂ ಹೇಳಲಾರದು.

ಕೊನೆಯದು ಓದುವ ನಿಮಗೆ. ಆ ದಿನ ಹಿರೇಕೆರೂರಿನಲ್ಲಿ ನಾನು ಬಾಕಿ ತೆಗೆದುಕೊಳ್ಳದೆ, ಮತ್ತೆ ಮಾಲು ಬರೆದುಕೊಂಡು ಎದ್ದೆ. ನಮ್ಮ ಸಾಹುಕಾರರೂ ಬೇಡ ಅನ್ನಲಿಲ್ಲ. ಹೀಗೆ ಒಬ್ಬರಿಗೊಬ್ಬರು ಕಾದದ್ದರಿಂದಲೇ ಈ ಪೇಟೆಗಳು ಇಂದಿನವರೆಗೆ ತೆರೆದಿವೆ. ನಿಮ್ಮೂರಿನ ಯಾವುದೋ ಅಂಗಡಿಯ ಪುಸ್ತಕದಲ್ಲಿ ನಿಮ್ಮ ಹೆಸರೂ ಇರಬಹುದು. ಕೈಯಲ್ಲಿ ರೊಕ್ಕ ಇಲ್ಲದಾಗ ಅಲ್ಲಿಗೆ ಹೋದವರು ರೊಕ್ಕ ಇದ್ದಾಗಲೂ ಅಲ್ಲಿಗೇ ಹೋಗಿ. ಹಳೆಯ ಬಾಕಿ ತೀರಿಸಿ, ಯುಗಾದಿಯ ಸಂತೆಯನ್ನು ಅಲ್ಲೇ ಮಾಡಿ.